ಸೆರಗಿನ ಕೆಳಗಿನ ಐದು ಬೆರಳು

ಒಣಮೆಣಸಿನಕಾಯಿ ವ್ಯಾಪಾರದಲ್ಲಿ ಬಣ್ಣ ನೋಡಿ ದರ ಹೇಳುವವನು ಹೊಸಬ. ಹಳಬರು ಒಂದು ಹಿಡಿ ಕಾಯಿ ಎತ್ತಿ ಮೆಲ್ಲಗೆ ಹಿಸುಕುತ್ತೇವೆ, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತೇವೆ. ಬೀಜ ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ಒಳಗೆ ತೇವ ಇದೆ. ಮಾಳವ್ವ ನನ್ನ ಗದಗಿನ ದಲಾಲಿ ಅಂಗಡಿಗೆ ಕೆಲಸ ಕೇಳಿಕೊಂಡು ಬಂದ ದಿನ ನಾನು ಆಕೆಯನ್ನು ಹೀಗೇ ಅಳೆಯಲು ಕೂತೆ. ಬಣ್ಣ ಸಾಧಾರಣ. ಸೀರೆ ತೊಳೆದದ್ದು, ಇಸ್ತ್ರಿ ಇಲ್ಲ. ಚಪ್ಪಲಿ ಒಂದೆರಡು ಸಲ ಹೊಲಿಸಿದ್ದು. ಕೇಳಿದ್ದಕ್ಕೆ ಮಾತ್ರ ಉತ್ತರ. ಮುಂಡರಗಿಯಲ್ಲಿ ಓದಿದ ಬಿ.ಎ., ಅದೂ ಫಸ್ಟ್ ಕ್ಲಾಸ್. ಮನೆಯವರು ಲಗ್ನದ ಮಾತು ತೆಗೆದರೆ ಮೊದಲು ನೌಕರಿ ಆಗಲಿ ಅನ್ನುತ್ತಾಳಂತೆ, ಹಾಗೆ ಅನ್ನುತ್ತ ಅನ್ನುತ್ತ ಮನೆಯವರು ಮಾತು ತೆಗೆಯುವುದನ್ನೇ ಬಿಟ್ಟಿದ್ದರು. ಮಾಲು ಒಳ್ಳೆಯದು, ಚೀಲ ಚೆನ್ನಾಗಿಲ್ಲ, ಹೀಗಾಗಿ ಕಡಿಮೆ ಪಗಾರಕ್ಕೆ ಸಿಗುತ್ತದೆ ಎಂದು ಮನಸ್ಸಿನಲ್ಲೇ ದರ ಕಟ್ಟಿ ಇಟ್ಟುಕೊಂಡೆ. ಅಲ್ಲಾಡಿಸಿ ನೋಡುವುದು ಮರೆತುಹೋಯಿತು. ತೇವ ಇತ್ತು. ಅದು ಆಕೆಯ ಅಂಗೈಯಲ್ಲಿತ್ತು, ಪರೀಕ್ಷೆಯ ದಿನ ಮಾತ್ರ ಹೊರಗೆ ಬರುತ್ತಿತ್ತು.

ಊರು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಅಪ್ಪ ದ್ಯಾಮಪ್ಪ ದನದ ಸಂತೆಯ ದಲಾಲಿ. ನಾನೂ ದಲಾಲಿಯೇ. ನನ್ನ ದಲಾಲಿಗೆ ಬೋರ್ಡು, ಲೈಸನ್ಸು, ತಿರುಗುವ ಕುರ್ಚಿ ಇವೆ, ಅವನ ದಲಾಲಿಗೆ ಹೆಗಲ ಮೇಲೊಂದು ಟವೆಲ್ಲು ಇದೆ, ವ್ಯತ್ಯಾಸ ಅಷ್ಟೇ. ಮಗಳು ನಮ್ಮಿಬ್ಬರ ಸಾಲಿಗೂ ಸೇರಬಾರದು, ಊರಿನ ಕಂದಾಯದ ಲೆಕ್ಕ ಬರೆಯುವ ತಲಾಟಿಯಾಗಿ ಸರ್ಕಾರದ ಕುರ್ಚಿಯ ಮೇಲೆ ಕೂಡಬೇಕು ಎಂಬುದು ಅವನ ಆಸೆ. ಮಗಳ ಆಸೆಯೂ ಅದೇ ಆಗಿತ್ತು. ಅಂಗಡಿಯ ಕೆಲಸ ಅಲ್ಲಿಯವರೆಗೆ ಊಟಕ್ಕೆ, ಖೋಲಿಯ ಬಾಡಿಗೆಗೆ.

ರೈತರು ತಂದ ಚೀಲಗಳ ವಿವರವನ್ನು, ಖರೀದಿದಾರರು ದರ ಹಾಕುವ ಟೆಂಡರಿಗೆ ಮೊದಲು, ಕಂಪ್ಯೂಟರಿಗೆ ಹಾಕುವುದು ಆಕೆಯ ಕೆಲಸ. ಒಂದು ಚೀಲದ ತೂಕ ಹೊಂದಲಿಲ್ಲ ಅಂದರೆ ಮುಗಿಯಿತು. ಹಮಾಲರು ಚಹಾ ಕುಡಿದು, ಎಲೆ ಅಡಿಕೆ ಹಾಕಿ, ಇನ್ನೊಂದು ಸುತ್ತಿನ ಹರಟೆ ಮುಗಿಸಿದರೂ ಮಾಳವ್ವ ಅದೇ ಚೀಲದ ಬೆನ್ನು ಹತ್ತಿರುತ್ತಿದ್ದಳು. ಬಿಡವ್ವಾ, ಹೋಗಲಿ ಎಂದರೆ ನಾನೇ ಏನೋ ತಿಂದು ಮುಚ್ಚಿಟ್ಟಿದ್ದೇನೆ ಅನ್ನುವ ಹಾಗೆ ನೋಡುತ್ತಿದ್ದಳು. ಕೊನೆಗೆ ತಪ್ಪು ಸಿಗುತ್ತಿತ್ತು. ಅಂಗಡಿಗೆ ಇಂಥ ಮನುಷ್ಯರು ಬೇಕು. ಪರೀಕ್ಷೆ ಬರೆಯಲು ಇಂಥವರು ಹೋಗಬಾರದು.

ಯಾಕೆಂದರೆ ಈ ಪರೀಕ್ಷೆಗಳು ಗಡಿಯಾರದವು. ಒಂದೊಂದು ಪ್ರಶ್ನೆಗೆ ಒಂದು ನಿಮಿಷವೂ ಪೂರಾ ಸಿಗುವುದಿಲ್ಲ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಿ ಗೋಲ ತುಂಬಬೇಕು, ತುಂಬಿದ್ದನ್ನು ಅಳಿಸುವಂತಿಲ್ಲ. ಒಂದು ವರ್ಷ ಸೇತುವೆ ದಾಟುವ ರೈಲಿನ ಲೆಕ್ಕ ಬಂತಂತೆ. ಮಾಳವ್ವ ಅದನ್ನು ಬಿಡದೆ ಹಿಡಿದು ಕೂತಳು. ರೈಲು ಸೇತುವೆ ದಾಟಿತು, ಗಂಟೆ ಹೊಡೆಯಿತು, ಮಾಳವ್ವ ಮಾತ್ರ ಈ ಕಡೆಗೇ ಉಳಿದಳು. ಇನ್ನೊಂದು ವರ್ಷ ಗಾಬರಿಯಲ್ಲಿ ಒಂದು ಸಾಲು ಬಿಟ್ಟು ಮುಂದಿನ ಸಾಲಿನಲ್ಲಿ ತುಂಬುತ್ತ ಹೋಗಿ, ಗೊತ್ತಿದ್ದ ಉತ್ತರಗಳೆಲ್ಲ ಬೇರೆ ಪ್ರಶ್ನೆಗಳ ಪಾಲಾದವು. ಮತ್ತೊಂದು ಸಲ ಅಂಗೈಯ ಬೆವರಿಗೆ ಉತ್ತರದ ಹಾಳೆಯೇ ಹಸಿಯಾಗಿ ಶಾಯಿ ಹರಡಿತು. ಹೊರಗೆ ಬಂದು ಮರದ ಕೆಳಗೆ ಕೂತು ಅದೇ ಪ್ರಶ್ನೆಪತ್ರಿಕೆಯನ್ನು ಬಿಡಿಸಿದರೆ ಎಲ್ಲ ಸರಿ ಬರುತ್ತಿತ್ತು. ಮರದ ಕೆಳಗಿನ ಅಂಕಗಳನ್ನು ಸರ್ಕಾರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಡುವೆ ವಯಸ್ಸು ಏರುತ್ತ ಬಂದು, ಅರ್ಜಿ ಹಾಕಲು ಆಕೆಗೆ ಉಳಿದದ್ದು ಕೊನೆಯ ಒಂದು ಪರೀಕ್ಷೆ.

ಅದೇ ಪರೀಕ್ಷೆಗೆ ನನ್ನ ಮಗಳು ಅಂಕಿತಾಳೂ ಕೂಡುವವಳಿದ್ದಳು. ಅಂಕಿತಾಳದು ಬೇರೆ ರೋಗ. ಪರೀಕ್ಷೆಯ ಮುಂಜಾನೆ ಉಪ್ಪಿಟ್ಟು ತಿಂದರೆ ಹೊರಗೆ ಬರುತ್ತದೆ, ಒಳಗೆ ಹೋದ ಮೇಲೆ ಎಲ್ಲಕ್ಕೂ ಅವಸರದಿಂದ ಗೋಲ ತುಂಬಿ, ಉಳಿದ ಹೊತ್ತು ಅಳುತ್ತ ಕೂಡುತ್ತಾಳೆ. ಹುಬ್ಬಳ್ಳಿಯ ಕೋಚಿಂಗ್ ಕ್ಲಾಸಿಗೆ ಕಳಿಸಿದ್ದೆ. ಅಲ್ಲಿಯ ಸರ್ ದೀರ್ಘ ಶ್ವಾಸ ತೆಗೆದುಕೊಳ್ಳಿ, ನೀರು ಕುಡಿಯಿರಿ, ನಾನು ಗೆಲ್ಲುತ್ತೇನೆ ಅಂದುಕೊಳ್ಳಿ ಎಂದು ಹೇಳಿಕೊಟ್ಟು ಕಳಿಸಿದರು. ಅವರು ತಗೊಂಡ ಫೀಗೆ ನಾನು ಈ ಮೂರು ಮಾತಿನ ದರ ಲೆಕ್ಕ ಹಾಕಿ ನೋಡಿದೆ. ಅಂಗಡಿಯ ಮೇಲಿನ ಖೋಲಿ ಖಾಲಿ ಇತ್ತು. ಇಬ್ಬರೂ ಅಲ್ಲೇ ಕೂತು ಓದಲಿ, ಒಬ್ಬಳಿಗೆ ಅವಸರ ಜಾಸ್ತಿ, ಒಬ್ಬಳಿಗೆ ಕಡಿಮೆ, ಬೆರೆಸಿದರೆ ಹದ ಬಂದೀತು ಎಂದು ನನ್ನ ವ್ಯಾಪಾರಿ ಬುದ್ಧಿ. ಒಂದೇ ದಿನ, ಬಜಾರದ ಒಂದೇ ಕಂಪ್ಯೂಟರ್ ಅಂಗಡಿಯಲ್ಲಿ, ಒಬ್ಬರ ಹಿಂದೊಬ್ಬರು ಅರ್ಜಿ ತುಂಬಿಸಿ ಬಂದರು. ಮಗಳು ಆಕೆಯನ್ನು ಅಕ್ಕಾ ಅನ್ನುತ್ತಿದ್ದಳು. ಊಟದ ಡಬ್ಬಿ ಇಬ್ಬರದೂ ಒಂದೇ ಆಯಿತು. ಮಾಳವ್ವ ತನ್ನ ನೋಟ್ಸನ್ನೆಲ್ಲ ಅಂಕಿತಾಳಿಗೆ ಕೊಟ್ಟು, ಗಣಿತವನ್ನು ಮೊದಲಿಂದ ಕಲಿಸಿದಳು. ಅದಕ್ಕೆ ಫೀ ಇರಲಿಲ್ಲ.

ಸಂತೆಯ ದಿನ ದ್ಯಾಮಪ್ಪ ಅಂಗಡಿಗೆ ಬಂದು ಹೋಗುವುದು ರೂಢಿ. ಒಮ್ಮೆ ಬಂದಾಗ ಹುಡುಗಿಯರು ಮೊಬೈಲಿನಲ್ಲಿ ಗಡಿಯಾರ ಇಟ್ಟು ಅಭ್ಯಾಸದ ಪರೀಕ್ಷೆ ಬರೆಯುತ್ತಿದ್ದರು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ತನ್ನ ಮಗಳು ಒಂದೇ ಲೆಕ್ಕದ ಮುಂದೆ ಕೂತು ಅಂಗೈ ಒರೆಸಿಕೊಳ್ಳುವುದನ್ನು ಅವನು ಅವತ್ತೇ ಮೊದಲ ಸಲ ನೋಡಿದ್ದು ಅಂತ ಕಾಣುತ್ತದೆ. ಗಂಟೆ ಬಾರಿಸಿದ ಮೇಲೆ ಒಳಗೆ ಹೋಗಿ ಚಾಪೆಯ ಮೇಲೆ ಕೂತು, ಹೆಗಲ ಟವೆಲ್ಲು ತೆಗೆದ.

ದನದ ಸಂತೆ ನೋಡದವರಿಗೆ ಒಂದು ಮಾತು. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ದಲಾಲಿ ತನ್ನ ಕೈ, ಎದುರಿನವನ ಕೈ ಎರಡನ್ನೂ ಟವೆಲ್ಲಿನಿಂದ ಮುಚ್ಚುತ್ತಾನೆ. ಯಾವ ಬೆರಳು ಹಿಡಿದರು, ಎಷ್ಟು ಬೆರಳು ಹಿಡಿದರು ಅನ್ನುವುದರ ಮೇಲೆ ದರ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ತಿಳಿಯಬಾರದು.

"ಸಂತ್ಯಾಗ ಮಂದಿ ಸುತ್ತಲೂ ಒದರತಿರ್ತಾರ, ಎದುರಿನಂವ ಜಲ್ದಿ ಹೇಳು ಜಲ್ದಿ ಹೇಳು ಅಂತಾನ," ಎಂದ ದ್ಯಾಮಪ್ಪ. "ಅವನ ಗಡಿಬಿಡಿ ನಮ್ಮ ಬೆರಳಿಗೆ ಇಳೀಬಾರ್ದು ಯವ್ವಾ. ನಾ ಏನ್ ಮಾಡ್ತೀನಿ, ಆ ಕೈ ಅವನಿಗೆ ಕೊಟ್ಟು ಈ ಕೈಯಾಗ ನನ್ನ ಕಿರಿಬೆರಳ ಮಡಚಿ ಹಿಡೀತೀನಿ. ಒಂದ ಉಸಿರು ಬಿಡ್ತೀನಿ. ಆಮ್ಯಾಲ ಅದರ ಬಾಜೂದು. ಹೆಬ್ಬೆರಳಿಗೆ ಬರೂದ್ರಾಗ ಅವನ ಗದ್ದಲ ನನ್ನ ಕಿವಿ ಬಿಟ್ಟಿರ್ತೈತಿ."

ಇನ್ನೂ ಒಂದು ಹೇಳಿದ. ಹೊಂದದ ವ್ಯಾಪಾರದ ಮುಂದೆ ನಿಂತುಕೊಳ್ಳಬಾರದು. ಸಂತೆಯನ್ನು ಒಂದು ಸುತ್ತು ಹಾಕಿ, ಹೊಂದಿದ್ದನ್ನೆಲ್ಲ ಮುಗಿಸಿ, ಮತ್ತೆ ಬರಬೇಕು. ಎತ್ತು ಅಲ್ಲೇ ಕಟ್ಟಿರುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಮಾಳವ್ವ ಬೆರಳು ಹಿಡಿದು ನೋಡಿದಳು. ಆಗ ಅವನು ಟವೆಲ್ಲು ಮುಂದೆ ನೂಕಿ, ಮುಚ್ಚಿ ಹಿಡಿ, ಬಯಲಿನಲ್ಲಿ ಹಿಡಿದರೆ ಮನಸ್ಸು ಹೊರಗಿನವರ ಕಡೆಗೇ ಇರುತ್ತದೆ ಎಂದ. ಅಂಕಿತಾಳಿಗೆ ನಗು.

"ಕಾಕಾ, ಪರೀಕ್ಷಾದಾಗ ಟವೆಲ್ ಹಾಸ್ಕೊಂಡ ಕುಂಡ್ರಬೇಕೇನ್ರಿ? ಹೇರ್ ಕಟಿಂಗ್ ಅಂಗಡಿ ಆಗ್ತೈತಿ."

"ಸೆರಗ ಇಲ್ಲೇನವಾ," ಎಂದ ಅವನು.

ಮಾಳವ್ವ ಅವತ್ತಿನಿಂದ ಸೆರಗಿನ ಕೆಳಗೆ ಬೆರಳು ಹಿಡಿದಳು. ಅಂಕಿತಾ ಬೆರಳು ಹಿಡಿಯುವುದನ್ನು ಕಲಿತಳು, ಮುಚ್ಚುವುದನ್ನು ಕಲಿಯಲಿಲ್ಲ, ಆಕೆ ಉಡುವುದು ಸೀರೆಯೂ ಅಲ್ಲ. ಹುಬ್ಬಳ್ಳಿಯ ಸರ್ ಮಾಡದ್ದನ್ನು ಕೊರ್ಲಹಳ್ಳಿಯ ಬೆರಳು ಮಾಡಿತು ಎಂದು ನಾನು ದೊಡ್ಡ ಮಾತು ಹೇಳಲಾರೆ, ಇಬ್ಬರೂ ಕಷ್ಟಪಟ್ಟು ಓದಿದ್ದರು. ಆದರೆ ಮಾಳವ್ವ ಬಾರದ ಲೆಕ್ಕಕ್ಕೆ ಒಂದು ಚುಕ್ಕೆ ಇಟ್ಟು, ಐದು ಬೆರಳು ಮುಗಿಸಿ, ಮುಂದಿನದಕ್ಕೆ ಹೋಗುವುದನ್ನು ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ. ಅಭ್ಯಾಸದ ಪತ್ರಿಕೆಗಳು ಗಂಟೆಗೆ ಮೊದಲೇ ಮುಗಿಯತೊಡಗಿದವು. ಅಂಕಿತಾ ಮುಂಜಾನೆ ತಿಂದ ಉಪ್ಪಿಟ್ಟು ಮಧ್ಯಾಹ್ನದವರೆಗೆ ಹೊಟ್ಟೆಯಲ್ಲೇ ಇರತೊಡಗಿತು. ನಾನು ಬಜಾರದಲ್ಲಿ ನಮ್ಮ ಅಂಗಡಿಯಿಂದ ಈ ಸಲ ಇಬ್ಬರು ತಲಾಟಿ ಎಂದು ಹೇಳಿಕೊಂಡು ತಿರುಗಿದೆ. ಮಾಲು ಬರುವ ಮೊದಲೇ ದರ ಹೇಳುವ ಚಟ ನನ್ನದು.

ಪರೀಕ್ಷೆಯ ದಿನ ನನ್ನ ಗಾಡಿಯಲ್ಲೇ ಇಬ್ಬರನ್ನೂ ಗದಗಿನ ಒಂದು ಕಾಲೇಜಿಗೆ ಬಿಟ್ಟೆ. ಅರ್ಜಿ ಹಿಂದೆಮುಂದೆ ಹಾಕಿದ್ದಕ್ಕೆ ನಂಬರೂ ಹಿಂದೆಮುಂದೆ ಬಂದಿದ್ದವು, ಮಾಳವ್ವ ಮುಂದಿನ ಬೆಂಚು, ಅಂಕಿತಾ ಅದರ ಹಿಂದಿನದು. ಗೇಟಿನಲ್ಲಿ ಕಿವಿಯೋಲೆ ತೆಗೆಸಿದರು, ಕೂದಲು ಬಿಚ್ಚಿಸಿ ಟಾರ್ಚ್ ಹಾಕಿದರು. ಕಿವಿಯಲ್ಲಿ ಯಂತ್ರ ಇಟ್ಟುಕೊಂಡು ಬರೆದವರ ಸುದ್ದಿ ಪೇಪರಿಗೆ ಬಂದ ಮೇಲೆ ಎಲ್ಲ ಕಡೆ ಹೀಗೇ. ನಾನು ಎದುರಿನ ಬೇವಿನ ಕೆಳಗೆ ಗಾಡಿ ನಿಲ್ಲಿಸಿ, ಸೀಟು ಹಿಂದಕ್ಕೆ ಮಾಡಿ ಅಡ್ಡಾದೆ.

ಇನ್ನೂ ಸಾಕಷ್ಟು ಹೊತ್ತು ಉಳಿದಿರುವಾಗಲೇ ಮಾಳವ್ವ ಗೇಟಿನಿಂದ ಹೊರಗೆ ಬಂದಳು. ಇಷ್ಟು ಜಲ್ದಿ ಮುಗಿಸಿದೆಯೇನವ್ವಾ, ತಹಶೀಲ್ದಾರ್ ಹುದ್ದೆಯದೂ ಇವತ್ತೇ ಬರೆದು ಬಂದೆಯೇನು ಎಂದು ನಾನು ಚೇಷ್ಟೆ ಮಾಡಿದೆ. ಆಕೆಯ ಕೈಯಲ್ಲಿ ಪ್ರಶ್ನೆಪತ್ರಿಕೆ ಇರಲಿಲ್ಲ. ಗಾಡಿಯ ಬಾಗಿಲು ಹಿಡಿದು ನಿಂತು, ಆದದ್ದನ್ನು ಟೆಂಡರಿನ ವಿವರ ಓದುವ ದನಿಯಲ್ಲಿ ಹೇಳಿದಳು.

ಮೊದಲ ಸುತ್ತು ಚೆನ್ನಾಗಿ ಮುಗಿದಿತ್ತು. ಬಿಟ್ಟ ಪ್ರಶ್ನೆಗಳಿಗೆ ಎರಡನೇ ಸುತ್ತು ಬರುವ ಮೊದಲು ಕೈಯನ್ನು ತೊಡೆಯ ಮೇಲಿಟ್ಟು, ಸೆರಗು ಎಳೆದುಕೊಂಡು ಬೆರಳು ಹಿಡಿದಿದ್ದಾಳೆ. ಕೊಠಡಿಯ ಮೇಲ್ವಿಚಾರಕ ಹುಡುಗ ವಯಸ್ಸಿನವನು. ಸೆರಗಿನ ಕೆಳಗೆ ಏನೋ ಆಡುವುದನ್ನು ಕಂಡು ಬಂದು, ತೆಗೆಯಿರಿ ಅಂದಿದ್ದಾನೆ. ತೆಗೆದರೆ ಬರಿಗೈ. ಹಾಗಾದರೆ ಮುಚ್ಚಿದ್ದು ಯಾಕೆ ಎಂದು ಕೇಳಿದ್ದಾನೆ. ಗಾಬರಿಯಲ್ಲಿ ಮಾಳವ್ವನ ಬಾಯಿಂದ ಬಂದ ಉತ್ತರ, ದನದ ಸಂತೆಯಲ್ಲಿ ಹೀಗೇ ಮುಚ್ಚುತ್ತಾರ್ರಿ ಸರ್.

ಸಂತೆಯಲ್ಲಿ ಬೆರಳಿನಿಂದ ದರ ಹೇಳುತ್ತಾರೆ ಎಂದು ಆ ಹುಡುಗನಿಗೂ ಗೊತ್ತಿತ್ತು, ಅವನೂ ಈ ಕಡೆಯವನೇ. ನಾಲ್ಕು ಉತ್ತರಕ್ಕೆ ನಾಲ್ಕು ಬೆರಳು, ಹಿಂದಿನವರಿಗೆ ಸನ್ನೆ ಎಂದು ಅವನ ತಲೆಯಲ್ಲಿ ಗಂಟು ಬಿದ್ದಿತು. ಕೈಯನ್ನು ಮೇಜಿನ ಮೇಲೆ ಬಯಲಿಗಿಟ್ಟು ಬೆರಳು ಹಿಡಿದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮುಚ್ಚಿದ್ದೇ ತಪ್ಪಾಯಿತು. ಉತ್ತರದ ಹಾಳೆ ಕಿತ್ತುಕೊಂಡರು, ನಕಲು ಎಂದು ಬರೆದು ಸಹಿ ಮಾಡಿಸಿಕೊಂಡರು.

"ಅಂಕಿತಾ ಹಿಂದ ಇದ್ದಳಲ್ಲ, ಆಕಿ ಹೇಳಲಿಲ್ಲೇನು?" ಎಂದೆ.

"ಆಕಿ ಬರೀಲಿಕ್ಕೆ ಹತ್ತಿದ್ದಳ್ರಿ ಸಾವಕಾರ್ರ," ಎಂದಳು ಮಾಳವ್ವ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಅಂದರೂ ಕೇಳದೆ ನಡೆದೇ ಹೋದಳು.

ಗಂಟೆಯಾದ ಮೇಲೆ ಅಂಕಿತಾ ಬಂದಳು. ಎಲ್ಲ ಮುಗಿಸಿದೆ, ಉಪ್ಪಿಟ್ಟೂ ಹೊರಗೆ ಬರಲಿಲ್ಲ ಎಂದಳು. ಮಾಳವ್ವನ ಸುದ್ದಿ ಕೇಳಿದರೆ ಪಾಪ ಅಂದು ಕಿಟಕಿಯ ಆ ಕಡೆ ನೋಡಿದಳು. ನೂರಾರು ರೈತರ ಮುಖ ನೋಡಿ ಚೀಲದ ತಳದಲ್ಲಿ ಏನಿದೆ ಎಂದು ಹೇಳುವವನು ನಾನು. ಅವತ್ತು ಮಗಳ ಮುಖ ನೋಡಿ ದಣಿದಿದ್ದಾಳೆ ಅಂದುಕೊಂಡೆ.

ಕೆಲವು ದಿನಕ್ಕೆ ಮಾಳವ್ವನಿಗೆ ನೋಟಿಸ್ ಬಂತು. ವಿಚಾರಣೆಗೆ ಬಂದು ನಿಮ್ಮ ಮಾತು ಹೇಳಿ, ಇಲ್ಲವಾದರೆ ಈ ಪರೀಕ್ಷೆ ರದ್ದು, ಮುಂದಿನ ಕೆಲವು ವರ್ಷ ಯಾವ ಪರೀಕ್ಷೆಗೂ ಕೂಡುವಂತಿಲ್ಲ ಎಂದು. ಇದು ರದ್ದಾದರೆ ಆಕೆಗೆ ಇನ್ನೊಂದು ಪರೀಕ್ಷೆಯ ವಯಸ್ಸು ಉಳಿಯುವುದಿಲ್ಲ. ಹಿಂದಿನ ಬೆಂಚಿನವರು ತಮಗೆ ಯಾವ ಸನ್ನೆಯೂ ಬಂದಿಲ್ಲ, ಅದು ಧೈರ್ಯಕ್ಕೆ ಹಿಡಿಯುವ ಬೆರಳು ಎಂದು ಬರೆದುಕೊಟ್ಟರೆ ಬಿಡಬಹುದು ಎಂದು ಅಲ್ಲಿಯ ಗುಮಾಸ್ತನೊಬ್ಬ ಹೇಳಿದ್ದ. ಮಾಳವ್ವ ಅಂಗಡಿಗೆ ಬಂದು ನನ್ನ ಎದುರಿಗೇ ಕೇಳಿದಳು.

"ಅಂಕಿತಾ, ಒಂದ ಸಾಲು ಬರದ ಕೊಡು. ನಮ್ಮಪ್ಪ ಕಲಿಸಿದ್ದು ಅಂತ, ಅಷ್ಟ."

ಮಗಳು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಅಕ್ಕಾ, ಅವತ್ತ ಸರ್ ಕೇಳಿದಾಗ ನನಗ ಗೊತ್ತಿಲ್ಲ ಅಂದೀನಿ. ಈಗ ಗೊತ್ತೈತಿ ಅಂದ್ರ ನಂದೂ ಕ್ಯಾನ್ಸಲ್ ಮಾಡ್ತಾರ."

ಅಲ್ಲಿಯವರೆಗೆ ನನಗೆ ಇದು ತಿಳಿದಿರಲಿಲ್ಲ. ಮೇಲ್ವಿಚಾರಕ ಅಂಕಿತಾಳ ಕಡೆ ತಿರುಗಿ ಕೇಳಿದ್ದ. ಮಾಳವ್ವ ಬೆಂಚಿನಲ್ಲೇ ತಿರುಗಿ, ನೀನಾದರೂ ಹೇಳು ಅಂದಿದ್ದಳು. ನನ್ನ ಮಗಳು ತಲೆ ಎತ್ತದೆ, ಈಕೆ ಯಾರೋ ನನಗೆ ಗೊತ್ತಿಲ್ಲ ಎಂದು ಹೇಳಿ ಮುಂದಿನ ಗೋಲ ತುಂಬಿದ್ದಳು. ಬೆರಳಷ್ಟೇ ಅಲ್ಲ, ಮನುಷ್ಯಳೇ ಗೊತ್ತಿಲ್ಲ. ಒಂದೇ ಡಬ್ಬಿಯ ರೊಟ್ಟಿ ತಿಂದವಳು. ಇದನ್ನು ಮಾಳವ್ವ ಗಾಡಿಯ ಹತ್ತಿರ ನನಗೆ ಹೇಳಬಹುದಿತ್ತು, ಹೇಳಲಿಲ್ಲ. ಈಗ ನೋಟಿಸನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಟೆಂಡರಿನ ಹೊತ್ತಾಗಿತ್ತು.

ಮನೆಯಲ್ಲಿ ಕೇಳಿದೆ. ಬೈದು ಕೇಳಿದೆ, ಕೂಡಿಸಿಕೊಂಡು ಕೇಳಿದೆ. ಬರೆದುಕೊಡು, ನೌಕರಿ ಹೋದರೆ ಹೋಗಲಿ, ಅಂಗಡಿ ಇದೆ ಎಂದೆ. ಅಂಗಡಿಯನ್ನು ಮಗಳ ಮುಂದೆ ಇಷ್ಟು ಅಗ್ಗವಾಗಿ ಹಿಂದೆಂದೂ ಇಟ್ಟಿರಲಿಲ್ಲ. ಆಕೆ ಮೊಬೈಲ್ ಕೆಳಗಿಟ್ಟಳು.

"ಅಪ್ಪಾ, ಸರ್ ಬಂದಾಗ ಬೆಂಚಿನ ಕೆಳಗ ನಾನೂ ಬೆರಳ ಹಿಡ್ಕೊಂಡಿದ್ದೆ. ಗೊತ್ತೈತಿ ಅಂದಿದ್ರ ನನ್ನ ಕೈನೂ ನೋಡ್ತಿದ್ರು. ಟೈಮೂ ಇರಲಿಲ್ಲ."

ಇದನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಮಾಳವ್ವ ಕೊಟ್ಟ ಧೈರ್ಯವನ್ನೇ ಕೈಯಲ್ಲಿ ಹಿಡಿದುಕೊಂಡು, ನಡುಗದ ದನಿಯಲ್ಲಿ, ಮಾಳವ್ವ ಯಾರೋ ಗೊತ್ತಿಲ್ಲ ಎಂದು ಹೇಳಿದ್ದಳು ನನ್ನ ಮಗಳು. ಕಲ್ಲು ಬೆರೆಸಿದ ಚೀಲವನ್ನು ನನಗೆ ಮಾರಿದವರಿದ್ದಾರೆ, ಹಸಿ ಮಾಲಿನ ಮೇಲೆ ಒಣ ಮಾಲು ಹಾಸಿ ಕೊಟ್ಟವರಿದ್ದಾರೆ. ಅವರ್ಯಾರೂ ನನ್ನ ಮನೆಯಲ್ಲಿ ಉಣ್ಣುವವರಾಗಿರಲಿಲ್ಲ. ಬರೆಯುವುದಿಲ್ಲ ಅಂದಳು, ಮತ್ತೆ ಕೇಳಿದರೆ ಬಾಗಿಲು ಹಾಕಿಕೊಂಡಳು.

ವಿಚಾರಣೆಗೆ ಮಾಳವ್ವ, ದ್ಯಾಮಪ್ಪ ಇಬ್ಬರ ಜೊತೆ ನಾನೂ ಹೋದೆ. ಕುರ್ಚಿಯಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ನಮ್ಮನ್ನು ಕೂಡಿಸಿ ಕೇಳಿದರು. ದ್ಯಾಮಪ್ಪ ಹೆಗಲ ಟವೆಲ್ಲು ತೆಗೆದು ಮೇಜಿನ ಮೇಲೆ ಹಾಸಿ, ತನ್ನ ಬೆರಳು ತಾನೇ ಹಿಡಿದು ತೋರಿಸಿದ. ಇದು ಸನ್ನೆಯ ಕೈ ಅಲ್ಲ, ಸನ್ನೆಗೆ ಇನ್ನೊಬ್ಬರ ಕೈ ಬೇಕು, ಇದು ಉಸಿರು ಬಿಡುವ ಕೈ ಎಂದು ಒಂದೊಂದೇ ಬೆರಳಿಗೆ ಉಸಿರು ಬಿಟ್ಟ. ಇಬ್ಬರು ಗುಮಾಸ್ತರು ಬಗ್ಗಿ ನೋಡಿ ನಕ್ಕರು. ಅಧಿಕಾರಿ ನಗಲಿಲ್ಲ. ನನ್ನ ಅಂಗಡಿಯ ಮೇಲಿನ ಖೋಲಿಯಲ್ಲಿ ಆಕೆ ಇದನ್ನು ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನಾನು ಹೇಳಿದೆ. ಪರೀಕ್ಷೆಯ ಕೊಠಡಿಯಲ್ಲಿ ಇದ್ದಿರಾ ಎಂದರು. ಇಲ್ಲ ಎಂದೆ. ಹಿಂದಿನ ಬೆಂಚಿನಲ್ಲಿ ಇದ್ದವರು ಅವತ್ತೇ ಗೊತ್ತಿಲ್ಲ ಎಂದು ಬರೆದು ಸಹಿ ಮಾಡಿದ್ದಾರಲ್ಲ, ನಾನೇನು ಮಾಡಲಿ ಎಂದು ಆ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ಅಂಕಿತಾಳ ಸಹಿ ಇತ್ತು. ಆ ಸಹಿಯನ್ನು ಚಂದ ಮಾಡಲು ಚಿಕ್ಕವಳಿದ್ದಾಗ ನಾನೇ ತಿದ್ದಿಸಿದ್ದೆ. ನಾನು ಈ ಸಹಿ ಮಾಡಿದವಳ ಅಪ್ಪ ಎಂದು ಹೇಳಿದೆ. ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಹಾಗಾದರೆ ಕರೆದುಕೊಂಡು ಬನ್ನಿ ಎಂದರು.

ಕರೆದೆ. ಬರಲಿಲ್ಲ. ಅವಧಿ ಮುಗಿಯಿತು, ಆದೇಶ ಬಂತು.

ಆದೇಶ ಬಂದ ದಿನ ದ್ಯಾಮಪ್ಪ ಅಂಗಡಿಗೆ ಬಂದ. ಹೊರಗಿನ ಕಟ್ಟೆಯ ಮೇಲೆ ಕೂತ, ಒಳಗೆ ಬಾ ಅಂದರೂ ಬರಲಿಲ್ಲ.

"ನಮ್ಮ ಸಂತ್ಯಾಗ ಒಂದ ರಿವಾಜ ಐತ್ರಿ ಸಾವಕಾರ್ರ," ಎಂದ. "ಟವೆಲ್ನ್ಯಾಗ ಕೈ ಇಟ್ಟಂವ ಹೊರಗ ಬಂದು ನನಗ ಗೊತ್ತಿಲ್ಲ ಅನ್ನಂಗಿಲ್ಲ. ಅಂದ್ರ ಮತ್ತೊಮ್ಮೆ ಅವನ ಕೈ ಯಾರೂ ಹಿಡಿಯಂಗಿಲ್ಲ. ನಿಮ್ಮ ಹುಡುಗಿಗೆ ನಾ ಬೆರಳ ಕಲಿಸೀನಿ, ರಿವಾಜ ಹೇಳೂದು ಮರತೀನಿ ನೋಡ್ರಿ."

ಅವನು ಇದನ್ನು ವ್ಯಂಗ್ಯಕ್ಕೆ ಅಂದನೋ, ನಿಜವಾಗಿಯೂ ತನ್ನ ತಪ್ಪು ಅಂದುಕೊಂಡನೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಚಹಾ ತರಿಸಿದೆ. ಕುಡಿಯದೆ ಎದ್ದು ಹೋದ.

ಮಾಳವ್ವ ತಿಂಗಳ ಕೊನೆಯವರೆಗೆ ಬಂದಳು. ಹೊಸದಾಗಿ ಸೇರಿದವನಿಗೆ ಕೆಲಸವನ್ನೆಲ್ಲ ಕಲಿಸಿದಳು, ಮೇಲಿನ ಖೋಲಿಯ ಕೀಲಿ ಕೊಟ್ಟಳು. ಎದುರಿಗೆ ಬಂದ ಅಂಕಿತಾ ಅಕ್ಕಾ ಎಂದು ಕರೆದಳು. ಮಾಳವ್ವ ನಿಂತು, ಮುಖ ನೋಡಿ, "ನೀವ್ಯಾರ್ರಿ?" ಎಂದಳು. ಸಿಟ್ಟಿನಿಂದಲ್ಲ, ಹೊಸ ಗಿರಾಕಿಯನ್ನು ಕೇಳುವ ಹಾಗೆ. ಆಮೇಲೆ ಚಪ್ಪಲಿ ಮೆಟ್ಟಿ ಹೋದಳು. ಮಗಳು ಅವತ್ತು ಅತ್ತದ್ದು ನಿಜ, ಆದರೆ ಕಾಗದ, ಪೆನ್ನು ಮೇಜಿನ ಮೇಲೇ ಇದ್ದವು, ಮುಟ್ಟಲಿಲ್ಲ.

ಅಂಕಿತಾ ಪಾಸಾದಳು. ಈಗ ಶಿರಹಟ್ಟಿ ತಾಲೂಕಿನ ಒಂದು ಊರಿನಲ್ಲಿ ತಲಾಟಿ. ಜನ ಆಕೆಯನ್ನು ಮೇಡಂ ಅನ್ನುತ್ತಾರೆ, ಒಳ್ಳೆಯ ಕೆಲಸಗಾರ್ತಿ ಎಂದು ನನ್ನ ಎದುರಿಗೂ ಹೊಗಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಮಾಳವ್ವ ಲಕ್ಷ್ಮೇಶ್ವರದಲ್ಲಿ ನನ್ನ ಎದುರಾಳಿ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿದ್ದಾಳೆ. ಅವನ ತೂಕದಲ್ಲಿ ಈಗ ತಪ್ಪು ಸಿಗುವುದಿಲ್ಲ, ನನ್ನ ತೂಕದಲ್ಲಿ ದಿನಾ ಸಿಗುತ್ತದೆ. ನಾನು ಎರಡು ಸಲ ಆ ದಾರಿಯಲ್ಲಿ ಹೋದಾಗ ಕಂಡಿದ್ದೇನೆ. ನನ್ನ ಜೊತೆ ಮೊದಲಿನ ಹಾಗೇ ಮಾತನಾಡುತ್ತಾಳೆ. ಆರಾಮ ಇದ್ದೀರೇನ್ರಿ, ಮೆಣಸಿನಕಾಯಿ ದರ ಏನು ನಡೆದಿದೆ ಎಂದು ಕೇಳುತ್ತಾಳೆ. ಪರೀಕ್ಷೆಯ ಮಾತು ನಾನೂ ತೆಗೆಯುವುದಿಲ್ಲ, ಆಕೆಯೂ ತೆಗೆಯುವುದಿಲ್ಲ.

ಇದನ್ನು ಬರೆಯುವ ಮೊದಲು ಮಗಳಿಗೆ ಫೋನ್ ಮಾಡಿ ಬರೆಯುತ್ತೇನೆ ಎಂದೆ. ನಿಮ್ಮ ಇಷ್ಟ ಎಂದು ಇಟ್ಟಳು. ಆದ್ದರಿಂದ ಬರೆದಿದ್ದೇನೆ. ಕೊರ್ಲಹಳ್ಳಿಯ ದ್ಯಾಮಪ್ಪನ ಮಗಳು ಮಾಳವ್ವ ಪರೀಕ್ಷೆಯಲ್ಲಿ ನಕಲು ಮಾಡಿಲ್ಲ. ಇದು ಗೊತ್ತಿದ್ದವಳು ನನ್ನ ಮನೆಯಲ್ಲಿದ್ದಳು. ಆಕೆಯ ಸಾಕ್ಷಿಯನ್ನು ಮಾಳವ್ವನಿಗೆ ನಾನು ಕೊಡಿಸಬೇಕಿತ್ತು. ಇನ್ನೂ ಕೊಡಿಸಬೇಕು.